ಹಿಂದೆ ಸರಿಯಿರಿ ಎಂದ ಆ ಹಗಲು

ಕರೆ ಬಂದಾಗ ನಾವು ಪಾಂಡವಪುರದ ಆಚೆ, ನಾಲೆ ಏರಿಯ ಪಕ್ಕದ ಖಾಲಿ ಬಯಲಿನಲ್ಲಿ ಬಾಗಿಲು ಒಡೆದು ಒಳನುಗ್ಗುವ ಅಭ್ಯಾಸ ಮಾಡುತ್ತಿದ್ದೆವು. ಬಿದಿರು ಗಳಗಳಿಗೆ ಗೋಣಿತಾಟು ಕಟ್ಟಿ ಒಂದು ಮನೆ ಮಾಡಿಕೊಂಡಿದ್ದೆವು. ಗುರಾಣಿ ಹಿಡಿದವನು ಮುಂದೆ, ಅವನ ಬೆನ್ನಿಗೆ ಒತ್ತಿಕೊಂಡು ಬಂದೂಕಿನವನು, ಅವನ ಹಿಂದೆ ಬಾಗಿಲಿಗೆ ಗುದ್ದುವ ಕಬ್ಬಿಣದ ದಿಮ್ಮಿ ಹೊತ್ತವನು. ಗೋಣಿತಾಟಿನ ಆ ಮನೆಯಲ್ಲಿ ನಾವು ಒಮ್ಮೆಯೂ ಸೋತಿರಲಿಲ್ಲ. ಅದೇ ನನಗೆ ಒಳಗೊಳಗೆ ಅಂಜಿಕೆ ಹುಟ್ಟಿಸುತ್ತಿತ್ತು.

ನಾನು ಸಶಸ್ತ್ರ ಮೀಸಲು ಪಡೆಯಲ್ಲಿ ಇನ್ಸ್‌ಪೆಕ್ಟರ್. ಜಿಲ್ಲೆಗೊಂದು ವಿಶೇಷ ತಂಡ ಕಟ್ಟುವ ಕೆಲಸವನ್ನು ಆ ವರ್ಷ ನನಗೆ ವಹಿಸಿದ್ದರು. ಅದರ ಜೊತೆಗೆ, ಈ ತಂಡ ಯಾವಾಗ ಬಲ ಬಳಸಬಹುದು, ಎಷ್ಟು ಬಳಸಬಹುದು, ಗುಂಡು ಹಾರಿಸು ಎಂದು ಯಾರು ಹೇಳಬೇಕು ಎಂಬ ನಿಯಮಗಳ ಕರಡು ಬರೆಯುವುದೂ ನನ್ನ ಪಾಲಿಗೆ ಬಂದಿತ್ತು. ಹುಡುಗರನ್ನು ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದೆಲ್ಲ ಆರಿಸಿದ್ದೆವು. ತಂಡದಲ್ಲಿ ನನ್ನ ನಂತರದ ಸ್ಥಾನ ಶ್ರೀರಂಗಪಟ್ಟಣದ ಒಬ್ಬ ಸಬ್ ಇನ್ಸ್‌ಪೆಕ್ಟರದು. ಗುರಿಯಲ್ಲಿ ನನಗಿಂತ ಎಷ್ಟೋ ಮೇಲು. ಗುರಾಣಿ ಹೊರುತ್ತಿದ್ದವನು ನಾಗಮಂಗಲದ ಕಾನ್‌ಸ್ಟೆಬಲ್. ಕಬಡ್ಡಿ ಆಡಿ ಬೆಳೆದ ಮೈ. ಇವರಿಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಸ್ನೇಹಿತರು.

ಫೋನಿನಲ್ಲಿ ಹೇಳಿದ್ದು ಇಷ್ಟು: ಸಂತೆಬಾಚಹಳ್ಳಿ ಹತ್ತಿರದ ಒಂದು ಹಳ್ಳಿ. ಹಾಲಿನ ಕ್ಯಾನುಗಳನ್ನು ಸಾಗಿಸುವ ಗಾಡಿ ಓಡಿಸುವ ಒಬ್ಬಾತ ಮನೆಯ ಬಾಗಿಲು ಹಾಕಿಕೊಂಡಿದ್ದಾನೆ. ಒಳಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ಅವನ ತಂದೆ ಇದ್ದಾರೆ. ತಂದೆಯ ಹೆಸರಿನಲ್ಲಿ ಪರವಾನಗಿ ಇರುವ, ಬೆಳೆ ಕಾಯುವ ಜೋಡು ನಳಿಗೆಯ ಬಂದೂಕು ಅವನ ಕೈಯಲ್ಲಿದೆ. ಮಾತಾಡಿಸಲು ಹೋದ ಠಾಣೆಯ ಜೀಪಿನ ಮೇಲೆ ಒಂದು ಸಲ ಹಾರಿಸಿದ್ದಾನೆ.

ಜಕ್ಕನಹಳ್ಳಿ ದಾಟಿದ ವ್ಯಾನು ಮೇಲುಕೋಟೆ ಬೆಟ್ಟದ ಪಕ್ಕದಲ್ಲಿ ಹೋಗುತ್ತಿತ್ತು. ಆ ಬೆಟ್ಟದ ಮೇಲೆ ನನ್ನ ತವರುಮನೆ. ಸಾಮಾನ್ಯವಾಗಿ ಅಲ್ಲಿ ತಲೆಯೆತ್ತಿ ನೋಡುತ್ತೇನೆ. ಅವತ್ತು ನೋಡಿದ ನೆನಪಿಲ್ಲ. ಕರಡಿನಲ್ಲಿ ಬರೆದ ಸಾಲುಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ, ಪರೀಕ್ಷೆಗೆ ಹೊರಟ ಮಕ್ಕಳ ಹಾಗೆ. ಆಜ್ಞೆ ಕೊಡುವವರು ಒಬ್ಬರೇ. ಒಳಗಿರುವವನ ಜೊತೆ ಮಾತಾಡುವವರು ಬೇರೆ. ಎರಡು ಕೆಲಸ ಒಬ್ಬರ ಕೈಯಲ್ಲಿರಬಾರದು.

ಹಳ್ಳಿ ತಲುಪಿದ ಕೂಡಲೇ ಮೊದಲನೆಯ ತೊಡಕು ಕಂಡಿತು. ನಮ್ಮ ವೈರ್‌ಲೆಸ್ಸಿನ ಚಾನೆಲ್ಲೇ ಬೇರೆ, ಠಾಣೆಯವರದ್ದೇ ಬೇರೆ. ನಾನು ಹೇಳಿದ್ದು ನನ್ನ ಹುಡುಗರಿಗೆ ಕೇಳುತ್ತಿತ್ತು, ಮನೆಯ ಆಚೆ ಬದಿಯಲ್ಲಿ ನಿಂತಿದ್ದ ಠಾಣೆಯವರಿಗೆ ಕೇಳುತ್ತಿರಲಿಲ್ಲ. ಎದುರು ಮನೆಗಳ ತಾರಸಿಯ ಮೇಲೆಲ್ಲ ಜನ. ಯಾರೋ ಉತ್ಸಾಹದಿಂದ ಡ್ರೋನ್ ತರಿಸಿದ್ದರು. ಅದು ಹೆಂಚಿನ ಮೇಲೆ ಜೇನುಹುಳದ ಹಾಗೆ ಗುಯ್‌ಗುಡುತ್ತಾ ಸುತ್ತುತ್ತಿತ್ತು. ಠಾಣೆಯ ಸಬ್ ಇನ್ಸ್‌ಪೆಕ್ಟರ್ ಧ್ವನಿವರ್ಧಕ ಹಿಡಿದು, "ಮನೆ ಸುತ್ತುವರಿದಿದ್ದೇವೆ, ಶರಣಾಗು" ಎಂದು ಬಿಡುವಿಲ್ಲದೆ ಕೂಗುತ್ತಿದ್ದರು. ಬೆಳಿಗ್ಗೆ ಗುಂಡು ತಮ್ಮ ಪಕ್ಕದಲ್ಲೇ ಹಾದುಹೋದ ಮನುಷ್ಯ. ಅವರ ಧ್ವನಿ ಇನ್ನೂ ನಡುಗುತ್ತಿತ್ತು.

ಊರಿನ ಹಾಲಿನ ಡೈರಿಯ ಜಗಲಿಯಲ್ಲಿ ಆತನ ಹೆಂಡತಿ ಕೂತಿದ್ದರು. ಬೆಳಗಿನ ಜಾವ ಹಿತ್ತಿಲಿನಿಂದ ಓಡಿ ಬಂದವರು. ನಾನು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತೆ.

"ಮೇಡಮ್ಮೋರೆ, ಅವ್ರು ಕೆಟ್ಟೋರಲ್ಲ," ಅಂದರು. "ಮೈಸೂರಲ್ಲಿ ತೋರ್ಸಿ ಗುಳಿಗೆ ತಗೋತಿದ್ರು. ಅದ ನುಂಗುದ್ರೆ ಮಂಪ್ರು ಬತ್ತದೆ, ಗಾಡಿ ಓಡ್ಸಕಾಗಲ್ಲ ಅಂತ ಬುಟ್ಬುಟ್ರು. ಈಗ ನಿದ್ದೇನೆ ಇಲ್ಲ. ಯಾರೋ ಕರೀ ಬಟ್ಟೆಯೋರು ನನ್ನ ಎತ್ತಾಕ್ಕೊಂಡು ಓಗಕ್ಕೆ ಬತ್ತಾವ್ರೆ, ಅಪ್ಪನ್ನೂ ಬುಡಾಕಿಲ್ಲ ಅಂತಾರೆ."

"ಮಾವ ಎಲ್ಲಿದಾರೆ ಒಳಗೆ?"

ಅವರು ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ಮುಂಬಾಗಿಲು, ನಡುಮನೆ, ಎಡಕ್ಕೆ ಒಂದು ಕೋಣೆ. ಹಿಂದೆ ಅಡುಗೆಮನೆ, ಅದರ ಬಾಗಿಲು ಕೊಟ್ಟಿಗೆಗೆ. "ಈ ರೂಮಲ್ಲಿ ಮಾವನ ಮಂಚ. ಅಲ್ಲಾಡಕಾಗಲ್ಲ ಅವ್ರ ಕೈಲಿ. ಇವ್ರೇ ಎಲ್ಲಾ ಮಾಡದು, ಗಂಜಿ ಕುಡ್ಸದು, ಮೈ ಒರ್ಸದು." ಕಡ್ಡಿಯನ್ನು ಕೆಳಗಿಟ್ಟು, "ಹೊಡೀಬೇಡಿ ಕಣವ್ವ," ಅಂದರು.

ನಾನು ಮಾತು ಕೊಡಲಿಲ್ಲ. ಕೊಡುವ ಹಾಗಿರಲಿಲ್ಲ.

ಅಷ್ಟರಲ್ಲಿ ಮೇಲಧಿಕಾರಿಗಳ ಫೋನು. "ಏನು ಕಾಯ್ತಿದೀರಿ? ಮುದುಕರು ಒಳಗಿದಾರೆ. ಹೆಚ್ಚುಕಮ್ಮಿ ಆದ್ರೆ ಏನು ಹೇಳೋಣ ಜನಕ್ಕೆ? ಇಂಥದಕ್ಕೇ ಅಲ್ವಾ ನಿಮ್ಮ ತಂಡ ಇರೋದು?" ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಾಸಿಗೆ ಹಿಡಿದ ಮುದುಕರಿಗೆ ನೀರು, ಔಷಧಿ ಸಿಗದೆ ಎಷ್ಟು ಹೊತ್ತು ತಡೆಯುತ್ತದೆ?

ಅಡುಗೆಮನೆ ಬಾಗಿಲಿನಿಂದ ನುಗ್ಗುವುದು ಎಂದು ತೀರ್ಮಾನಿಸಿದೆ. ತಂಡ ಮನೆಯ ಪಕ್ಕದ ಮೋಟುಗೋಡೆಯ ಮರೆಯಲ್ಲಿ ಬಗ್ಗಿ ಸಾಲಾಗಿ ಹೊರಟಿತು. ಕಪ್ಪು ಬಟ್ಟೆ, ಹೆಲ್ಮೆಟ್ಟು, ಕಣ್ಣು ಬಿಟ್ಟು ಮುಖಪೂರ್ತಿ ಮುಚ್ಚುವ ಮುಸುಕು. ನಾಗಮಂಗಲದವನು ಗುರಾಣಿ ಹಿಡಿದು ಮುಂದೆ. ನಾನು ಸಾಲಿನ ಕೊನೆಗೆ. ಗೋಡೆ ಮುಗಿದು ಕೊಟ್ಟಿಗೆ ಶುರುವಾಗುವ ಕಡೆ ಸ್ವಲ್ಪ ಜಾಗ ಬಯಲಾಗಿತ್ತು. ಅಲ್ಲಿಗೆ ಮನೆಯ ಹಿಂಬದಿಯ ಒಂದು ಕಿಟಕಿ ತೆರೆದಿತ್ತು.

ಠಾಣೆಯವರಿಗೆ ನಾವು ಹೊರಟಿದ್ದು ಗೊತ್ತಾಗಲಿಲ್ಲ. ಅವರ ಧ್ವನಿವರ್ಧಕ ಮತ್ತೆ ಕಿರುಚಿತು. ಡ್ರೋನು ಕಿಟಕಿಯ ಮಟ್ಟಕ್ಕೆ ಇಳಿಯಿತು. ಒಳಗಿನಿಂದ ಏನೋ ಅರಚಿದ ಸದ್ದು, ಅದರ ಬೆನ್ನಿಗೇ ಗುಂಡು.

ಗುರಾಣಿ ಒಂದು ಕಡೆಗೆ ವಾಲಿತು. ನಾಗಮಂಗಲದವನು ಕೂಗಲಿಲ್ಲ. ಬಲಗೈಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿ ಕೂತ. ಗುಂಡಿನ ಸೀಸದ ಚರೆಗಳು ಗುರಾಣಿಯ ಅಂಚು ದಾಟಿ ಬೆರಳುಗಳಿಗೆ, ಮುಂಗೈಗೆ ಹೊಕ್ಕಿದ್ದವು.

ಮುಂದಿನದು ಎಷ್ಟು ಕ್ಷಣದ ಮಾತೋ ಗೊತ್ತಿಲ್ಲ. ಈಗಲೂ ನನಗೆ ಅದು ಒಂದು ಇಡೀ ದಿನದಷ್ಟು ಉದ್ದವಾಗಿ ಕಾಣುತ್ತದೆ. ಶ್ರೀರಂಗಪಟ್ಟಣದ ಸಬ್ ಇನ್ಸ್‌ಪೆಕ್ಟರ್ ಗೋಡೆಯ ಮೇಲೆ ಬಂದೂಕು ಊರಿ ಕೆನ್ನೆ ಒತ್ತಿದ್ದರು.

"ಮೇಡಂ, ಕಾಣ್ತಾವ್ನೆ. ಕಿಟಕೀಲಿ ತಲೆ ಪೂರ್ತಿ ಕಾಣ್ತದೆ. ಹೇಳಿ."

ನಿಯಮದ ಪ್ರಕಾರ ನನಗೆ ಅಧಿಕಾರವಿತ್ತು. ನಮ್ಮವನೊಬ್ಬನಿಗೆ ಗುಂಡು ಬಿದ್ದಿದೆ. ಎದುರಿಗಿನವನ ಕೈಯಲ್ಲಿ ಬಂದೂಕಿದೆ. ಹೇಳಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ನಾನು ಕಿಟಕಿ ನೋಡಿದೆ. ಆತನ ತಲೆ ಕಾಣುತ್ತಿತ್ತು, ಕೆದರಿದ ಕೂದಲು; ಆದರೆ ಅವನು ನಮ್ಮನ್ನು ನೋಡುತ್ತಿರಲಿಲ್ಲ. ಮುಖ ಮೇಲಕ್ಕೆ ಮಾಡಿ ಡ್ರೋನನ್ನು ಹುಡುಕುತ್ತಿದ್ದ. ನಳಿಗೆಯೂ ಆಕಾಶದ ಕಡೆಗೇ ಇತ್ತು. ಅವನ ಬೆನ್ನ ಹಿಂದೆ ಬರೀ ಕತ್ತಲು. ಆ ಕತ್ತಲಲ್ಲಿ ಏನಿದೆ ಎಂದು ನನಗೆ ಕಾಣಲಿಲ್ಲ.

"ಬೇಡ," ಅಂದೆ.

"ಮೇಡಂ—"

"ಬೇಡ. ಎಲ್ಲಾರೂ ಹಿಂದೆ ಸರೀರಿ. ಅವನನ್ನ ಎತ್ಕೊಳ್ಳಿ."

ನಾವು ಅಭ್ಯಾಸ ಮಾಡಿದ್ದೆಲ್ಲ ಮುಂದಕ್ಕೆ ಹೋಗುವುದು. ಹಿಂದಕ್ಕೆ ಬರುವುದನ್ನು ಒಂದು ಸಲವೂ ಕಲಿಸಿರಲಿಲ್ಲ. ಒಬ್ಬರ ಮೇಲೊಬ್ಬರು ಎಡವಿಕೊಂಡು, ಗಾಯವಾದವನನ್ನು ಎಳೆದುಕೊಂಡು ಡೈರಿಯ ಹತ್ತಿರ ಬಂದೆವು. ತಾರಸಿಯ ಮೇಲಿಂದ ಯಾರೋ ನಕ್ಕದ್ದು ಕೇಳಿಸಿತು. ಆಂಬುಲೆನ್ಸಿಗೆ ಹತ್ತಿಸುವಾಗ ನಾಗಮಂಗಲದವನು ನನ್ನನ್ನೇ ದಿಟ್ಟಿಸಿ, "ಎಸ್ಸೈಗೆ ಕಾಣ್ತಿದ್ನಲ್ಲ ಮೇಡಂ," ಅಂದ. ಅಷ್ಟೇ. ಬಾಗಿಲು ಮುಚ್ಚಿದರು.

ಜೀಪಿನ ಹಿಂದೆ ಹೋಗಿ ನಿಂತು ಮೇಲಧಿಕಾರಿಗಳಿಗೆ ಫೋನು ಮಾಡಿದೆ. ಇನ್ನು ನುಗ್ಗುವುದಿಲ್ಲ, ಮಾತಾಡಿಸಿ ಹೊರಗೆ ಕರೆಯುತ್ತೇವೆ ಎಂದೆ. "ಇನ್ನೇನಾದ್ರೂ ಆದ್ರೆ ಅದು ನಿಮ್ಮ ಮೇಲೆ ಬರುತ್ತೆ. ಗೊತ್ತಿದೆಯಾ?" ಅಂದರು.

"ಗೊತ್ತು ಸರ್."

ಮತ್ತೆ ಆತನ ಹೆಂಡತಿಯ ಹತ್ತಿರ ಹೋದೆ. ಆತ ಡ್ರೋನಿಗೆ ಗುಂಡು ಹೊಡೆದದ್ದೋ ನಮಗೋ ಎಂದು ತಿಳಿಯಬೇಕಿತ್ತು. "ರಾತ್ರಿಯೆಲ್ಲಾ ಕಿವೀಲಿ ಗುಂಯ್ ಅಂತದೆ, ತಲೆ ಮ್ಯಾಲೆ ಏನೋ ಆರಾಡ್ತದೆ ಅಂತಿದ್ರು," ಅಂದರು. "ಈಗ ನೋಡುದ್ರೆ ನೀವು ನಿಜವಾಗ್ಲೂ ಅಂಥದೇ ತಂದು ಆರ್ಸಿದ್ದೀರಿ. ಕರೀ ಬಟ್ಟೆಯೋರೂ ಬಂದ್ರು."

ಅವರು ನಮ್ಮನ್ನು ದೂರುವ ಧಾಟಿಯಲ್ಲಿ ಹೇಳಲಿಲ್ಲ. ಆದರೂ ನನಗೆ ಮುಖ ಎತ್ತಲಾಗಲಿಲ್ಲ. ಆತನ ತಲೆಯೊಳಗಿದ್ದ ದುಃಸ್ವಪ್ನವನ್ನು ನಾವು ಚಾಚೂ ತಪ್ಪದೆ ಬೀದಿಗೆ ತಂದು ನಿಲ್ಲಿಸಿದ್ದೆವು.

ಡ್ರೋನ್ ಇಳಿಸಿದೆವು. ಧ್ವನಿವರ್ಧಕ ನಿಲ್ಲಿಸಿದೆವು. ಠಾಣೆಯವರಿಗೆ ನಮ್ಮದೇ ಒಂದು ವೈರ್‌ಲೆಸ್ ಕೊಟ್ಟೆ. ತಾರಸಿಗಳಿಂದ ಜನರನ್ನು ಇಳಿಸಿ ಊರಾಚೆಯ ಶಾಲೆಯ ಹತ್ತಿರಕ್ಕೆ ಕಳಿಸಲು ಬಹಳ ಹೊತ್ತು ಹಿಡಿಯಿತು. ನನ್ನ ಹುಡುಗರಿಗೆ ಮುಸುಕು ತೆಗೆಯಿರಿ, ಕಪ್ಪು ಅಂಗಿಯ ಮೇಲೆ ಠಾಣೆಯವರ ಖಾಕಿ ಸಿಕ್ಕಷ್ಟು ಹಾಕಿಕೊಳ್ಳಿ ಅಂದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಫೋನಿನಲ್ಲಿ ಹಿಡಿದೆ. ಆತ ಹೇಳುವುದನ್ನು ಸುಳ್ಳು ಎಂದು ವಾದಿಸಬೇಡಿ, ಹೌದು ಎಂದೂ ಒಪ್ಪಬೇಡಿ, ಸಣ್ಣ ಮಾತು ಆಡಿ, ಮಾತಿನ ನಡುವೆ ಸುಮ್ಮನಿರಿ, ಈಗ ಏನು ಬೇಕು ಕೇಳಿ, ಸುಳ್ಳು ಹೇಳಬೇಡಿ ಅಂದರು.

ಮಾತಾಡಲು ಆರಿಸಿದ್ದು ಠಾಣೆಯ ಒಬ್ಬ ಹಿರಿಯ ಪೇದೆಯನ್ನು. ಊರಿನವರಿಗೆ ಪರಿಚಯದ ಮನುಷ್ಯ. ಆತ ಎರಡು ಮಾತಾಡಿದ್ದೇ ಒಳಗಿನಿಂದ, "ನೀನು ಬೆಳಿಗ್ಗೆ ಜೀಪಲ್ಲಿ ಬಂದೋನು. ಓಗು," ಎಂಬ ಕೂಗು ಬಂತು. ನಾನು ಗುರಾಣಿಯ ಮರೆಯಿಂದ, "ಅಣ್ಣಾ, ನಿಮ್ಮ ತಂದೆಯವರು ಹೇಗಿದ್ದಾರೆ?" ಎಂದು ಕೇಳಿದೆ. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ, "ಅದ್ಯಾರು ಎಂಗಸು?" ಅಂತ ಬಂತು.

ಆತ ಮಾತಾಡುವುದಾದರೆ ನನ್ನ ಹತ್ತಿರವೇ ಎಂದು ಸ್ಪಷ್ಟವಾಯಿತು. ಹಾಗಾದರೆ ಆಜ್ಞೆ ನನ್ನ ಕೈಯಲ್ಲಿರಬಾರದು; ಅದು ನಾನೇ ಬರೆದ ನಿಯಮ. ಶ್ರೀರಂಗಪಟ್ಟಣದ ಸಬ್ ಇನ್ಸ್‌ಪೆಕ್ಟರನ್ನು ಕರೆದೆ. ಸ್ನೇಹಿತನ ರಕ್ತ ಅವರ ತೋಳಿನ ಮೇಲೆ ಒಣಗಿತ್ತು.

"ಇನ್ನು ತಂಡ ನಿಮ್ಮದು," ಅಂದೆ.

ಅವರು ನಂಬದವರ ಹಾಗೆ ನೋಡಿದರು. "ಈಗ ನನ್ನ ಕೈಗೆ ಕೊಡ್ತೀರಾ ಮೇಡಂ?"

"ಕೊಡ್ತಿದೀನಿ."

"ಅವ್ನು ನಿಮ್ಮ ಕಡೆ ತಿರುಗ್ಸುದ್ರೆ ನಾನು ಕಾಯಲ್ಲ."

"ಕಾಯಬೇಡಿ. ಆದ್ರೆ ಅವನ ಹಿಂದೆ ಏನಿದೆ ಅಂತ ಕಾಣಬೇಕು ನಿಮಗೆ. ಕಾಣದೇ ಇದ್ರೆ ಹೊಡೆಯೋ ಹಾಗಿಲ್ಲ."

ಅವರು ತಲೆಯಾಡಿಸಿದರು. ಅದು ಒಪ್ಪಿಗೆಯೋ ಸಿಟ್ಟೋ ನನಗೆ ತಿಳಿಯಲಿಲ್ಲ. ತಿಳಿಯದೆಯೇ ಬೆನ್ನು ಹಾಕಿ ಹೋಗಿ ಮೋಟುಗೋಡೆಯ ಮರೆಯಲ್ಲಿ ಗುರಾಣಿ ಊರಿ ಕೂತೆ. ಅವತ್ತು ನನಗೆ ಎದುರಿಗಿದ್ದ ಬಂದೂಕಿಗಿಂತ ಹಿಂದಿದ್ದ ಬಂದೂಕಿನ ಚಿಂತೆಯೇ ಹೆಚ್ಚಾಗಿತ್ತು.

ಮಧ್ಯಾಹ್ನವೆಲ್ಲ ಹಾಗೇ ಹೋಯಿತು. ನಾನು ಒಂದು ಮಾತಾಡುವುದು, ಆತ ಉತ್ತರ ಕೊಡದಿರುವುದು. ನಡುವೆ ಬೈಯುವುದು. ಒಮ್ಮೆ ಮಾತ್ರ ಧ್ವನಿ ಸ್ವಲ್ಪ ತಗ್ಗಿತು.

"ನಿನ್ ಮಾತು ಮೇಲ್ಕೋಟೆ ಕಡೇದು ಇದ್ದಂಗದೆ."

"ಹೌದಣ್ಣ. ಅಲ್ಲೇ ಹುಟ್ಟಿದ್ದು."

"ಗುಡಿ ಐನೋರ ಮಗಳು ಬಂದೂಕ ಇಡ್ಕೊಂಡು ಇಲ್ಲೇನ್ ಮಾಡ್ತಿದ್ದೀಯವ್ವ?"

"ನನ್ನ ಕೈಲಿ ಬಂದೂಕಿಲ್ಲ ಅಣ್ಣ. ನಾನು ಪೊಲೀಸು. ನಿಮ್ಮನ್ನೂ ನಿಮ್ಮ ತಂದೆಯನ್ನೂ ಪೆಟ್ಟಾಗದೆ ಹೊರಗೆ ಕರೀಬೇಕು ಅಂತ ಬಂದಿದೀನಿ."

"ಕರೀ ಬಟ್ಟೆಯೋರು?"

"ಅವರೂ ಪೊಲೀಸರೇ. ಮುಖ ಮುಚ್ಕೊಂಡಿದ್ರು. ಈಗ ತೆಗೆಸಿದೀನಿ."

ತಂದೆಯ ಬಗ್ಗೆ ಕೇಳಿದರೆ ಉತ್ತರವಿಲ್ಲ. ಒಳಗಿನಿಂದ ಮುದುಕರ ಕೆಮ್ಮಾದರೂ ಕೇಳಬಾರದೇ ಎಂದು ಕಿವಿಗೊಟ್ಟು ಕೂತಿದ್ದೆ. ಏನೂ ಕೇಳಲಿಲ್ಲ. ಅವರು ಆಗಲೇ ಹೋಗಿಬಿಟ್ಟಿದ್ದರೆ? ಬೆಳಿಗ್ಗೆ ನುಗ್ಗಿದ್ದರೆ ಉಳಿಯುತ್ತಿದ್ದರೇ?

ಬಿಸಿಲು ಇಳಿಯುತ್ತಿದ್ದಂತೆ ಕೊಟ್ಟಿಗೆಯಲ್ಲಿ ಹಸುಗಳು ಕೂಗತೊಡಗಿದವು. ಬೆಳಿಗ್ಗೆ ಹಾಲು ಕರೆದಿರಲಿಲ್ಲ. ಮೊದಲು ಒಂದು, ಆಮೇಲೆ ಎಲ್ಲವೂ. ಕೆಚ್ಚಲು ಬಿಗಿದ ಹಸುವಿನ ಕೂಗು ಕೇಳಿದವರಿಗೆ ಗೊತ್ತು, ಸುಮ್ಮನೆ ಕೂರಲಾಗುವುದಿಲ್ಲ. ಕಿಟಕಿಯ ಹತ್ತಿರ ಆತ ಓಡಾಡುವ ಸದ್ದು ಬಂತು.

"ಅಸ ಕೂಗ್ತಾವೆ," ಅಂದ. "ಕೇಳ್ಸಾಕಿಲ್ವ ನಿಮ್ಗೆ?"

"ಕೇಳಿಸ್ತಿದೆ ಅಣ್ಣ. ಯಾರು ಕರೀಬೇಕು?"

"ನಮ್ಮೋಳೇ ಕರೀಬೇಕು. ಬೇರೆಯೋರ್ಗೆ ಒದೀತವೆ."

"ಅವರು ಡೈರಿ ಹತ್ರ ಇದಾರೆ. ಬಂದೂಕು ಒಳಗಿರೋವಾಗ ನಾನು ಅವರನ್ನ ಕೊಟ್ಟಿಗೆಗೆ ಬಿಡಕ್ಕಾಗಲ್ಲ. ನೀವೇ ಹೇಳಿ, ಏನ್ ಮಾಡೋಣ?"

ಹಸುಗಳು ಕೂಗುತ್ತಲೇ ಇದ್ದವು. ಆಮೇಲೆ ಅಳು ಬೆರೆತ ದನಿಯಲ್ಲಿ, "ಅಪ್ಪಂಗೆ ಗಂಜಿ ಕುಡ್ಸಿಲ್ಲ ಕಣವ್ವ. ಬಂದೂಕ ಬುಟ್ಟು ಎಂಗೆ ಒಲೆ ಅಚ್ಚಲಿ?" ಅಂದ.

"ಬಂದೂಕು ಕಿಟಕಿಯಿಂದ ಆಚೆ ಇಡಿ. ಗಂಜಿ ನಾವು ಮಾಡಿಸ್ತೀವಿ. ನಿಮ್ಮನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀವಿ. ಅದರಲ್ಲಿ ಸುಳ್ಳು ಹೇಳಲ್ಲ, ಹೋಗಲೇಬೇಕು. ಹೊಡೆಯೋದಿಲ್ಲ."

ಕಿಟಕಿಯಲ್ಲಿ ನಳಿಗೆ ಕಾಣಿಸಿತು. ನನ್ನ ಕಡೆಗೇ ಇತ್ತು. ನಾನು ಅಲ್ಲಾಡಲಿಲ್ಲ. ಹಿಂದಿನಿಂದ ಗುಂಡು ಹಾರಲಿಲ್ಲ. ಬಂದೂಕು ನಿಧಾನವಾಗಿ ಅಡ್ಡಕ್ಕೆ ತಿರುಗಿತು. ಸರಳುಗಳ ನಡುವೆ ತೂರಿ ಹೊರಗಿನ ಮಣ್ಣಿನ ಮೇಲೆ ಬಿತ್ತು.

ಆತ ಮುಂಬಾಗಿಲು ತೆರೆದು ಎರಡೂ ಕೈ ಮುಂದೆ ಚಾಚಿಕೊಂಡು ಬಂದ. ಕುಳ್ಳ ಮನುಷ್ಯ, ಲುಂಗಿ, ಕೆಂಪಗೆ ಊದಿದ ಕಣ್ಣು. ಶ್ರೀರಂಗಪಟ್ಟಣದವರು ಹೋಗಿ ರಟ್ಟೆ ಹಿಡಿದರು. ಅವರ ದವಡೆ ಬಿಗಿದಿದ್ದು ದೂರಕ್ಕೂ ಕಾಣುತ್ತಿತ್ತು. ಆದರೆ ಆತನನ್ನು ನೆಲಕ್ಕೆ ಕೆಡವಲಿಲ್ಲ, ಬೆನ್ನ ಮೇಲೆ ಮಂಡಿ ಊರಲಿಲ್ಲ. ಜಗಲಿಯ ಮೇಲೆ ಕೂರಿಸಿ, ಮೈ ತಡವಿ ನೋಡಿ, ತಮ್ಮ ಬಾಟಲಿಯ ನೀರು ಕುಡಿಸಿದರು.

ನಾನು ಒಳಗೆ ಓಡಿದೆ. ಎಡಗಡೆಯ ಕೋಣೆ ಖಾಲಿಯಾಗಿತ್ತು. ಮಂಚ ಅಲ್ಲಿರಲಿಲ್ಲ. ಆತ ಅದನ್ನು ಎಳೆದುಕೊಂಡು ಹೋಗಿ ಹಿಂದಿನ ಕಿಟಕಿಯ ಎದುರಿಗೇ ಹಾಕಿದ್ದ, ತಾನು ಮಂಚಕ್ಕೂ ಕಿಟಕಿಗೂ ಮಧ್ಯೆ ನಿಂತು ಕಾಯಲು. ಮುದುಕರ ತಲೆಗೆ ಎತ್ತರವಾಗಿ ದಿಂಬುಗಳನ್ನು ಪೇರಿಸಿ, ಕೂತ ಹಾಗೆ ಒರಗಿಸಿದ್ದ. ಅವರು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ನನ್ನನ್ನು ನೋಡಿದರು. ತುಟಿ ಒಣಗಿತ್ತು. ಜೀವವಿತ್ತು.

ಶ್ರೀರಂಗಪಟ್ಟಣದವರು ನನ್ನ ಹಿಂದೆಯೇ ಬಂದಿದ್ದರು. ಮಂಚದ ಪಕ್ಕ ನಿಂತು ಕಿಟಕಿಯಾಚೆ, ಬೆಳಿಗ್ಗೆ ತಾವು ಬಂದೂಕು ಊರಿದ್ದ ಮೋಟುಗೋಡೆಯ ಕಡೆ ನೋಡಿದರು. ಮತ್ತೆ, ಆ ಗುರಿಯ ನೇರಕ್ಕೇ ಇದ್ದ ಮುದುಕರ ಮುಖ ನೋಡಿದರು. ಹೊರಗೆ ಹೋದರು.

ಆಮೇಲೆ ನನ್ನನ್ನು ಹೊಗಳಿದವರಿದ್ದಾರೆ. ಮಂಚದ ವಿಷಯ ನನಗೆ ಮೊದಲೇ ಹೊಳೆದಿತ್ತು ಎಂಬಂತೆ ಮಾತಾಡಿದರು. ಹೊಳೆದಿರಲಿಲ್ಲ. ಮುದುಕರು ಎಡಗಡೆ ಕೋಣೆಯಲ್ಲಿದ್ದಾರೆ ಎಂದೇ ನಾನೂ ನಂಬಿದ್ದೆ. ಮಂಚ ಆ ಕೋಣೆಯಲ್ಲೇ ಇದ್ದಿದ್ದರೆ ಇದೇ ಜನ ನನ್ನನ್ನು ಏನೆನ್ನುತ್ತಿದ್ದರೋ. ಮೇಡಂ ಹೆದರಿದರು ಎಂಬ ಮಾತು ಪಡೆಯೊಳಗೆ ಹೇಗೂ ಓಡಾಡುತ್ತಿತ್ತು. ಅದು ಸುಳ್ಳಲ್ಲ. ನಾನು ಹೆದರಿದ್ದೆ.

ನಾಗಮಂಗಲದವನಿಗೆ ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಎರಡು ಬೆರಳು ಪೂರ್ತಿ ಮಡಚುವುದಿಲ್ಲ ಎಂದರು ವೈದ್ಯರು. ನೋಡಲು ಹೋದಾಗ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದ. ಅವನ ಹೆಂಡತಿ ಕಾಫಿ ಕೊಟ್ಟರು. ನಾನು ಕುಡಿದು ಎದ್ದು ಬಂದೆ.

ಕೆಲವು ತಿಂಗಳಾದ ಮೇಲೆ ನಿಯಮಗಳ ಕರಡು ಮೇಲಧಿಕಾರಿಗಳ ಮುಂದೆ ಚರ್ಚೆಗೆ ಬಂತು. ಮುಸುಕು ಬೇಡ, ಹೆಸರು ಕಾಣಬೇಕು. ಡ್ರೋನು ತಂಡದ ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ಹಾರಬಾರದು. ಠಾಣೆಗೂ ತಂಡಕ್ಕೂ ಒಂದೇ ವೈರ್‌ಲೆಸ್ ಚಾನೆಲ್. ಹಿಂದೆ ಸರಿಯುವುದನ್ನೂ ಅಭ್ಯಾಸ ಮಾಡಿಸಬೇಕು. ಇವೆಲ್ಲ ಸಲೀಸಾಗಿ ಒಪ್ಪಿಗೆಯಾದವು. ಆದರೆ ಹೊಸದಾಗಿ ಒಂದು ಸಾಲು ಸೇರಿಸಿದ್ದರು: ತಂಡದ ಸದಸ್ಯನಿಗೆ ಗುಂಡು ತಗುಲಿದರೆ ಉಳಿದವರು ಆಜ್ಞೆಗೆ ಕಾಯದೆ ಗುಂಡು ಹಾರಿಸಬಹುದು. ನಾನು ಬೇಡವೆಂದೆ. ನನ್ನ ಮಾತಿಗೆ ಅವತ್ತು ತೂಕವಿರಲಿಲ್ಲ, ಗಾಯವಾದದ್ದು ನನಗಲ್ಲವಲ್ಲ. "ಗಾಯವಾದವನನ್ನೇ ಕೇಳೋಣ," ಅಂದರು ಮೇಲಧಿಕಾರಿ.

ನಾಗಮಂಗಲದವನನ್ನು ಒಳಗೆ ಕರೆಸಿದರು. ಅವನು ಏನು ಹೇಳುತ್ತಾನೆಂದು ನನಗೆ ಗೊತ್ತಿತ್ತು. ಕಣ್ಣು ಮೇಜಿನ ಮೇಲಿಟ್ಟು ಕೂತಿದ್ದೆ. ಆ ಸಾಲನ್ನು ಅವನಿಗೆ ಓದಿ ಹೇಳಿದರು.

ಅವನು ಮಡಚದ ಬೆರಳುಗಳನ್ನು ಎಡಗೈಯಲ್ಲಿ ಹಿಡಿದುಕೊಂಡ. "ನಂಗೆ ಬಿದ್ದಾಗ ನಾನೂ ಸೊಂಟದ ಪಿಸ್ತೂಲಿಗೆ ಕೈ ಹಾಕ್ದೆ ಸಾರ್," ಅಂದ. "ಬೆರಳು ಆಡ್ಲಿಲ್ಲ. ಆಡಿದ್ರೆ ಇದ್ದಷ್ಟೂ ಗುಂಡು ಆ ಕಿಟಕಿಗೇ ಇಳಿಸ್ತಿದ್ದೆ. ಎದುರ್ಗೆ ಏನೈತೆ ಅಂತ ನಂಗೆ ಕಾಣ್ತಾನೇ ಇರ್ಲಿಲ್ಲ. ನೋವು ಬಿಟ್ರೆ ಇನ್ನೇನೂ ಕಾಣ್ತಿರ್ಲಿಲ್ಲ."

"ಹಾಗಾದ್ರೆ ಈ ಸಾಲು?"

"ತೆಗ್ದುಬುಡಿ ಸಾರ್."

ತೆಗೆದರು.

ಸಭೆ ಮುಗಿದು ಹೊರಗೆ ಬಂದಾಗ ಅವನು ಮೆಟ್ಟಿಲ ಹತ್ತಿರ ನಿಂತಿದ್ದ. ನಾನು ಏನಾದರೂ ಹೇಳುವ ಮೊದಲೇ, "ನಿಮ್ಮ ಮೇಲೆ ಸಿಟ್ಟು ಓಗಿಲ್ಲ ಮೇಡಂ," ಅಂದ. "ಸುಳ್ಳು ಯಾಕೆ ಹೇಳ್ಲಿ."

"ಹೋಗಬೇಕು ಅಂತ ನಾನು ಕೇಳಲ್ಲಪ್ಪ," ಅಂದೆ.

ಅವನು ನಾಗಮಂಗಲದ ಬಸ್ಸು ಹಿಡಿಯಬೇಕಿತ್ತು. ನಿಲ್ದಾಣದವರೆಗೂ ಅವನ ಜೊತೆಯಲ್ಲೇ ನಡೆದೆ. ಅವನು ಬೇಡ ಅನ್ನಲಿಲ್ಲ.